ನಾನು ಕಟ್ಟಿದ ಝಡ್80 ಕಂಪ್ಯೂಟರು: ಬಿಡಿಭಾಗಗಳನ್ನು ಹೊಂದಿಸಿದ ಬಗೆ

ಎಂಟು ಬಿಟ್‌ನ ಕಂಪ್ಯೂಟರೊಂದನ್ನು ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಸಿಕ್ಕಿಸುವ ಹಲಗೆಯ) ಮೇಲೆ ಕಟ್ಟಲು ಹೊರಟಾಗ ಮೊದಲು ನೆನಪಾದದ್ದು ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಬಹುತೇಕರು ಕೈಯಾಡಿಸಿರುವ ಇಂಟೆಲ್ 8085 ಪ್ರೊಸೆಸರ್. ಆದರೆ ಅದರಲ್ಲಿ ಅಡ್ರೆಸ್‌ನ ಕೆಳಗಿನ ಎಂಟು ಬಿಟ್‌ಗಳೂ ಡೇಟಾವೂ ಒಂದೇ ಪಿನ್‌ಗಳಲ್ಲಿ ಸರದಿಯಂತೆ ಬರುವುದರಿಂದ ಅವನ್ನು ಬೇರ್ಪಡಿಸಲು ಅಡ್ರೆಸ್ಸನ್ನು ಹಿಡಿದಿಟ್ಟುಕೊಳ್ಳುವ ಲ್ಯಾಚ್ ಎಂಬ ಚಿಪ್ ಬೇಕಾಗುತ್ತದೆ. 1976ರಲ್ಲಿ ಝೈಲಾಗ್ ಕಂಪನಿ ಹೊರತಂದ ಝಡ್80 ಪ್ರೊಸೆಸರಿನಲ್ಲಿ ಆ ತಾಪತ್ರಯವಿಲ್ಲದ ಕಾರಣ, ಅದರ 8 ಮೆಗಾಹರ್ಟ್ಸ್‌ನ ಸಿಮಾಸ್ (ಕಡಿಮೆ ವಿದ್ಯುತ್ ಬಳಸುವ ಹೊಸ ತಂತ್ರಜ್ಞಾನದ) ಚಿಪ್ಪನ್ನು ಆರಿಸಿಕೊಂಡೆ.

ಕ್ಲಾಕಿನ ಮಿಡಿತ ಕೊಡುವ ಕ್ರಿಸ್ಟಲ್ 7.3728 ಮೆಗಾಹರ್ಟ್ಸ್‌ನದು, 64ರಿಂದ ಭಾಗಿಸಿದರೆ ಸೀರಿಯಲ್ ಪೋರ್ಟಿಗೆ ಬೇಕಾದ ಸೆಕೆಂಡಿಗೆ 115,200 ಬಿಟ್‌ಗಳ ವೇಗ ಸರಿಯಾಗಿ ಸಿಗುತ್ತದೆ. ಆ ಭಾಗಾಕಾರವನ್ನು ಝಡ್80 ಕುಟುಂಬದ್ದೇ ಆದ ಎಸ್‌ಐಒ ಎಂಬ ಸೀರಿಯಲ್ ಸಂವಹನದ ಚಿಪ್ ತಾನೇ ಮಾಡಿಕೊಳ್ಳುತ್ತದೆ. ಈ ವೇಗದಲ್ಲಿ, ಆದೇಶವನ್ನು ಓದಲು ಪ್ರೊಸೆಸರ್ ಕೊಡುವ ಕಾಲ ಎರಡು ಕ್ಲಾಕ್, ಅಂದರೆ ಸುಮಾರು 271 ನ್ಯಾನೊಸೆಕೆಂಡ್. ಅದರಲ್ಲಿ ಅಡ್ರೆಸ್ ಹೊರಬೀಳಲು ಹಿಡಿಯುವ ಸಮಯವನ್ನೂ ಡೇಟಾ ಮುಂಚಿತವಾಗಿ ಸಿದ್ಧವಾಗಿರಬೇಕಾದ ಸೆಟಪ್ ಸಮಯವನ್ನೂ ಕಳೆದರೆ, 150 ನ್ಯಾನೊಸೆಕೆಂಡಿನ 28ಸಿ256 ಎಂಬ, ವಿದ್ಯುತ್ ಹೋದರೂ ಪ್ರೋಗ್ರಾಮು ಅಳಿಯದ ಈಈಪ್ರಾಮ್‌ಗೆ ಹೆಚ್ಚು ಬಿಡುವು ಉಳಿಯುವುದಿಲ್ಲ. ಹಾಗಾಗಿ ಅಡ್ರೆಸ್ಸಿನ ಅತಿ ಮೇಲಿನ ಬಿಟ್ ಆದ ಎ15 ಗೆರೆಯನ್ನು ನಡುವೆ ಯಾವ ಗೇಟನ್ನೂ ಇಡದೆ ನೇರವಾಗಿ ಅದರ ಚಿಪ್-ಸೆಲೆಕ್ಟಿಗೆ (ಚಿಪ್ಪನ್ನು ಆರಿಸುವ ಪಿನ್ನಿಗೆ) ಜೋಡಿಸಿದೆ. ರೀಸೆಟ್ ಆದೊಡನೆ ಝಡ್80 ಸೊನ್ನೆಯ ಅಡ್ರೆಸ್ಸಿನಿಂದ ಆರಂಭಿಸುವುದರಿಂದ ಕೆಳಗಿನ 32 ಕಿಲೊಬೈಟ್ ಈ ಈಈಪ್ರಾಮ್‌ನದೇ ಆಗಬೇಕಿತ್ತು. ಮೇಲಿನರ್ಧಕ್ಕೆ ಹಾಕಿದ 62256 ಸ್ಟ್ಯಾಟಿಕ್ ರ‍್ಯಾಮ್ 70 ನ್ಯಾನೊಸೆಕೆಂಡಿನದು. ಎ15 ಗೆರೆ ಇನ್ವರ್ಟರ್ (ಸಂಕೇತವನ್ನು ತಿರುಗಿಸುವ ಗೇಟು) ಒಂದನ್ನು ದಾಟಿ ಬಂದರೂ ಅದಕ್ಕೆ ತೊಂದರೆಯಿಲ್ಲ.

ಎಲ್ಲವೂ 5 ವೋಲ್ಟಿನವೇ ಆದರೂ ಹೊಂದುತ್ತವೆಂದು ನಂಬುವಂತಿಲ್ಲ. 74ಎಲ್‌ಎಸ್, 74ಎಚ್‌ಸಿ, ಎಚ್‌ಸಿಟಿ ಎಂಬುವು ಲಾಜಿಕ್ ಗೇಟುಗಳ ಬೇರೆ ಬೇರೆ ಕುಟುಂಬಗಳು. 74ಎಲ್‌ಎಸ್ ಗೇಟು 'ಹೈ' ಎಂದು ಖಾತ್ರಿ ಕೊಡುವುದು 2.7 ವೋಲ್ಟಿಗೆ, 74ಎಚ್‌ಸಿ ಅದನ್ನು ಒಪ್ಪಬೇಕಾದರೆ 3.5 ಬೇಕು. ಅಂಥ ಕಡೆ 2 ವೋಲ್ಟಿಗೇ ಒಪ್ಪುವ ಎಚ್‌ಸಿಟಿ ಹಾಕಿದೆ. ಝಡ್80ರ ಕ್ಲಾಕ್ ಪಿನ್ನಿನದು ಇನ್ನೂ ಬಿಗಿಯಾದ ಷರತ್ತು: ಅಲ್ಲಿಯ 'ಹೈ' ಪೂರೈಕೆಯ ವೋಲ್ಟೇಜಿಗಿಂತ 0.6 ವೋಲ್ಟ್ ಮಾತ್ರ ಕಡಿಮೆ ಇರಬಹುದು. ಅದಕ್ಕೆ ಕ್ಲಾಕನ್ನು, ಪೂರೈಕೆಯ ಮಟ್ಟದ ಹತ್ತಿರಕ್ಕೆ ಏರುವ ಇನ್ವರ್ಟರ್ ಚಿಪ್ಪಾದ 74ಎಚ್‌ಸಿ04ರ ಮೂಲಕ ಕೊಟ್ಟೆ.

2024ರಲ್ಲಿ ಝೈಲಾಗ್ 40 ಪಿನ್ನಿನ ಈ ಚಿಪ್ಪಿಗೆ ಆರ್ಡರ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಈಗ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳಲಿ, ಆನ್‌ಲೈನಿನಲ್ಲಿ ತರಿಸಲಿ, ಹಳೆಯ ಚಿಪ್ಪಿನ ಮೇಲೆ ಹೊಸ ಅಕ್ಷರ ಮುದ್ರಿಸಿದ ಮಾಲು ಬರುವ ಸಂಭವವಿದೆ. ಇದನ್ನು ಪತ್ತೆಹಚ್ಚಲು ದಾಖಲೆಯಲ್ಲಿಲ್ಲದ ಆದೇಶವೊಂದು ನೆರವಾಗುತ್ತದೆ: ಹೆಕ್ಸಾಡೆಸಿಮಲ್ ಎಣಿಕೆಯ ED, 71 ಎಂಬ ಎರಡು ಬೈಟ್‌ಗಳನ್ನು ಕೊಟ್ಟರೆ ಹಳೆಯ ತಂತ್ರಜ್ಞಾನದ ಎನ್‌ಮಾಸ್ ಚಿಪ್ 0 ಎಂದೂ ಸಿಮಾಸ್ ಚಿಪ್ 255 ಎಂದೂ ಪೋರ್ಟಿಗೆ ಬರೆಯುತ್ತದೆ. ನಾನು ಕೊಂಡ ಎರಡರಲ್ಲಿ ಒಂದು ಸೊನ್ನೆ ಬರೆಯಿತು. ಅದನ್ನು ಎಸೆಯಲು ಮನಸ್ಸಾಗದೆ, 3.6864 ಮೆಗಾಹರ್ಟ್ಸ್‌ನ ಕ್ರಿಸ್ಟಲ್ ಹಾಕಿ ಇನ್ನೊಂದು ಬೋರ್ಡಿನಲ್ಲಿ ಓಡಿಸುತ್ತಿದ್ದೇನೆ. ಅದರ ಸೀರಿಯಲ್ ವೇಗ 57,600.