ಕ್ಯಾಂಪರ್‌ವ್ಯಾನ್ ಕೊಳ್ಳುವ ಮುನ್ನ ಯೂನಿಟ್ ಲೆಕ್ಕ ಹಾಕಿ

ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ಗಾಡಿ, ಅಂದರೆ ಕ್ಯಾಂಪರ್‌ವ್ಯಾನ್ ಕೊಳ್ಳಲು ಹೊರಟವರು ಮೊದಲು ಮರುಳಾಗುವುದು ಒಳಾಂಗಣದ ಫೋಟೊಗಳಿಗೆ. ಬಿಳಿ ಲ್ಯಾಮಿನೇಟ್, ನೀಲಿ ಎಲ್‌ಇಡಿ ಪಟ್ಟಿ, ಗೋಡೆ ತುಂಬುವ ಟಿ.ವಿ. ನೋಡಿ ಮುಂಗಡ ಕೊಟ್ಟುಬಿಡುತ್ತಾರೆ. ಗಾಡಿ ಮನೆಗೆ ಬಂದ ಮೇಲೆ ನಡುರಾತ್ರಿ ಏ.ಸಿ. ನಿಂತುಹೋಗುತ್ತದೆ, ಹಂಪ್ ಸಿಕ್ಕಲ್ಲೆಲ್ಲ ಹಿಂಭಾಗ ಉಜ್ಜುತ್ತದೆ, ಆರ್‌ಸಿಯಲ್ಲಿ ಇರುವುದಕ್ಕೂ ಗಾಡಿಯೊಳಗೆ ಇರುವುದಕ್ಕೂ ತಾಳೆಯಾಗುವುದಿಲ್ಲ. ಗಾಡಿಗಳ ಒಡಲು, ಒಳಾಂಗಣ ಕಟ್ಟಿಕೊಡುವ ಬಾಡಿ ಬಿಲ್ಡರ್‌ಗಳ ಅಂಗಳದಲ್ಲಿ ಇಂಥ ಜಗಳಗಳನ್ನು ಸಾಕಷ್ಟು ನೋಡಿದ್ದೇನೆ. ನಮ್ಮ ರಾಜ್ಯದ ರಸ್ತೆ, ಮಳೆ, ಸೆಕೆಗಳನ್ನು ಗಮನದಲ್ಲಿಟ್ಟುಕೊಂಡು ಆಯ್ಕೆಗೆ ಒಂದು ಕ್ರಮ ಹೇಳುತ್ತೇನೆ.

ಎಲ್ಲಿ, ಯಾವಾಗ, ಎಷ್ಟು ಜನ

ವರ್ಷದ ಯಾವ ತಿಂಗಳುಗಳಲ್ಲಿ ಹೊರಡುತ್ತೀರಿ, ರಾತ್ರಿ ಎಲ್ಲಿ ತಂಗುತ್ತೀರಿ ಎಂಬುದನ್ನು ಮೊದಲು ಕಾಗದದ ಮೇಲೆ ಬರೆಯಿರಿ. ಡಿಸೆಂಬರ್‌ನಲ್ಲಿ ಚಿಕ್ಕಮಗಳೂರಿಗೆ ಹೋಗುವವರಿಗೂ ಏಪ್ರಿಲ್‌ನಲ್ಲಿ ಗೋಕರ್ಣದ ಕಡಲತೀರಕ್ಕೆ ಹೋಗುವವರಿಗೂ ಒಂದೇ ಗಾಡಿ ಹೊಂದುವುದಿಲ್ಲ. ಕಾಡಿನ ರಸ್ತೆಬದಿಯಲ್ಲಿ ತಂಗುವ ಕನಸಿದ್ದರೆ ಈಗಲೇ ಬಿಟ್ಟುಬಿಡಿ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳ ಸಂಚಾರವೇ ನಿಷಿದ್ಧ.

ಇಬ್ಬರೇ ಆಗಿದ್ದು, ಬೇಸಿಗೆ ಮತ್ತು ಚಳಿಗಾಲದಲ್ಲಷ್ಟೇ ಸುತ್ತುವುದಾದರೆ ಮಾರುತಿ ಈಕೊ ಗಾತ್ರದ ಗಾಡಿ ಸಾಕು. ಅದರ ಉದ್ದ 3,675 ಮಿಲಿಮೀಟರ್ ಮಾತ್ರ. ಊರೊಳಗಿನ ಓಣಿಗಳಲ್ಲೂ ನುಗ್ಗುತ್ತದೆ. ಆದರೆ ಒಳಗೆ ಎದ್ದು ನಿಲ್ಲಲಾಗದು. ಮಲೆನಾಡಿನಲ್ಲಿ ಜುಲೈ ಮಳೆ ಹಿಡಿದರೆ ಅಡುಗೆ, ಬಟ್ಟೆ ಬದಲಾಯಿಸುವುದು ಎಲ್ಲವೂ ಗಾಡಿಯೊಳಗೇ ಆಗಬೇಕು. ಬಗ್ಗಿಕೊಂಡೇ ಎರಡು ದಿನ ಕಳೆದವರು ಮೂರನೆಯ ದಿನ ಲಾಡ್ಜ್ ಹುಡುಕುತ್ತಾರೆ. ಮಳೆಗಾಲದಲ್ಲೂ ಹೊರಡುವವರು ಉದ್ದಕ್ಕಿಂತ ಮೊದಲು ಒಳಗಿನ ಎತ್ತರ ನೋಡಬೇಕು. ನಾಲ್ವರ ಕುಟುಂಬಕ್ಕೆ, ಅದರಲ್ಲೂ ಹಿರಿಯರಿದ್ದರೆ, ಎತ್ತರದ ಛಾವಣಿಯ ಟೆಂಪೊ ಟ್ರಾವೆಲರ್ (ಟಿಟಿ) ಗಾಡಿಯೇ ಸರಿ. 3,350 ಮಿ.ಮೀ. ವೀಲ್‌ಬೇಸ್‌ನದ್ದನ್ನು (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ನಾನು ಮೆಚ್ಚುತ್ತೇನೆ. ಅದಕ್ಕಿಂತ ಉದ್ದದ ಗಾಡಿಯಲ್ಲಿ ಹಿಂದಿನ ಚಕ್ರದಾಚೆ ಚಾಚಿದ ಭಾಗವೂ ಹೆಚ್ಚುತ್ತದೆ. ಘಟ್ಟದ ತಿರುವಿನಲ್ಲಿ ಅದು ಹೊರಕ್ಕೆ ಬೀಸುತ್ತದೆ, ಹಂಪ್ ಇಳಿಯುವಾಗ ನೆಲಕ್ಕೆ ತಾಗುತ್ತದೆ.

ಮಲಗುವ ಜಾಗ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಸೀಟ್‌ ಬೆಲ್ಟ್ ಇರುವ ಆಸನ ಎಷ್ಟು ಎಂದು ಕೇಳುವುದಿಲ್ಲ. ಬದಿಗೆ ಮುಖ ಮಾಡಿದ ಸೋಫಾದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಶಿರಾಡಿ ಘಾಟಿ ಇಳಿಯುವುದು ಅಪಾಯ. ನಾಲ್ವರು ಹೋಗುವುದಾದರೆ ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ನಾಲ್ಕು ಆಸನ ಇರಲೇಬೇಕು. ಈ ವಿಷಯದಲ್ಲಿ ರಾಜಿ ಬೇಡ.

ಕಾಗದಪತ್ರ

ಹಳೆಯ ಹಳದಿ ಬೋರ್ಡ್ ಟಿಟಿಯನ್ನು ಅಗ್ಗಕ್ಕೆ ಕೊಂಡು, ಪರಿಚಯದ ಬಡಗಿಯಿಂದ ಒಳಗೆ ಮಂಚ ಮಾಡಿಸುವ ಅಡ್ಡದಾರಿ ಹಲವರಿಗೆ ಹೊಳೆಯುತ್ತದೆ. ಆ ದಾರಿ ಬೇಡ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದ ಮೂಲ ರೂಪ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಇಂಥ ಗಾಡಿಗಳಿಗೆ, ಅಂದರೆ ಮೋಟಾರ್ ಕ್ಯಾರವಾನ್‌ಗಳಿಗೆಂದೇ, ಎಐಎಸ್-124 ಎಂಬ ಮಾನದಂಡವಿದೆ. ಅದರಡಿ ಅನುಮೋದನೆ ಪಡೆದ ಬಿಲ್ಡರ್ ಬಳಿಗೇ ಹೋಗಿ, ಪ್ರಮಾಣಪತ್ರದ ಪ್ರತಿ ಕೇಳಿ. ‘ಆರ್‌ಟಿಒದಲ್ಲಿ ನಮ್ಮವರಿದ್ದಾರೆ, ಮಾಡಿಸಿಕೊಡುತ್ತೇವೆ’ ಎಂದರೆ ಅಲ್ಲಿಂದ ಎದ್ದು ಬನ್ನಿ. ಆರ್‌ಸಿಯಲ್ಲಿ ಪ್ರಯಾಣಿಕರ ವಾಹನ ಎಂದಿದ್ದು, ಒಳಗೆ ಗ್ಯಾಸ್ ಒಲೆಯಿರುವ ಗಾಡಿ ಅಪಘಾತಕ್ಕೀಡಾದರೆ ವಿಮೆಯ ಹಣ ಕೈಗೆ ಬರುವ ಭರವಸೆಯಿಲ್ಲ.

ಏ.ಸಿ. ಎಂಬ ಆಸೆ, ಬ್ಯಾಟರಿ ಎಂಬ ಮಿತಿ

ಹೆಚ್ಚಿನವರು ಎಡವುವುದು ಇಲ್ಲೇ. ‘ರಾತ್ರಿಯಿಡೀ ಏ.ಸಿ. ಓಡುತ್ತದೆ ಸಾರ್, ಸೋಲಾರ್ ಇದೆಯಲ್ಲ’ ಎಂಬ ಮಾತನ್ನು ನಂಬುವ ಮೊದಲು ಮನೆಯ ಕರೆಂಟ್ ಬಿಲ್ ಓದುವಂತೆ ಯೂನಿಟ್‌ಗಳಲ್ಲಿ (1,000 ವಾಟ್ ಒಂದು ಗಂಟೆ ಎಳೆದರೆ ಒಂದು ಯೂನಿಟ್) ಲೆಕ್ಕ ಮಾಡಿ. ಒಂದು ಟನ್‌ನ ಇನ್ವರ್ಟರ್ ಏ.ಸಿ. ಗಾಡಿಯನ್ನು ತಣ್ಣಗಾಗಿಸುವಾಗ ಸುಮಾರು 1,000 ವಾಟ್ ಎಳೆಯುತ್ತದೆ, ಆಮೇಲೆ ಇಳಿಯುತ್ತದೆ. ಸರಾಸರಿ 700 ವಾಟ್ ಎಂದುಕೊಂಡರೂ ಎಂಟು ಗಂಟೆಗೆ 5.6 ಯೂನಿಟ್. ಬ್ಯಾಟರಿಯ ಕರೆಂಟನ್ನು 230 ವೋಲ್ಟ್‌ಗೆ ಏರಿಸುವಾಗ ಆಗುವ ನಷ್ಟ ಸೇರಿಸಿದರೆ 6 ಯೂನಿಟ್ ದಾಟುತ್ತದೆ.

ಈಗ ಬ್ಯಾಟರಿಯ ಕಡೆ ನೋಡಿ. 12 ವೋಲ್ಟ್, 200 ಆಂಪಿಯರ್-ಅವರ್‌ನ ಒಂದು ಲಿಥಿಯಂ ಬ್ಯಾಟರಿಯಲ್ಲಿ ಇರುವುದು ಸುಮಾರು 2.5 ಯೂನಿಟ್. ಅಂದರೆ ಒಂದು ರಾತ್ರಿಯ ಏ.ಸಿ.ಗೆ ಅಂಥ ಮೂರು ಬೇಕು. ಮನೆಯ ಯು.ಪಿ.ಎಸ್.ಗೆ ಹಾಕುವ 150 ಆಂಪಿಯರ್-ಅವರ್‌ನ ಟ್ಯೂಬುಲರ್ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇದ್ದರೂ, ಅದು ಬಾಳಿಕೆ ಬರಬೇಕಾದರೆ ಅರ್ಧವನ್ನಷ್ಟೇ ಬಳಸಬೇಕು. ಆ ಲೆಕ್ಕದಲ್ಲಿ ಏಳು ಬ್ಯಾಟರಿ ಬೇಕಾಗುತ್ತವೆ. ಒಂದೊಂದೂ 50 ಕಿಲೋ ಮೇಲೆ ತೂಗುತ್ತದೆ.

ಸೋಲಾರ್ ಈ ಕೊರತೆ ತುಂಬುವುದಿಲ್ಲ. ಛಾವಣಿಯ ಮೇಲೆ ಮಲಗಿಸಿದ 400 ವಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನ ದಿನ ಒಂದೂವರೆ ಯೂನಿಟ್ ಕೊಟ್ಟರೆ ಅದೇ ಹೆಚ್ಚು. ಸೆಕೆಯೆಂದು ಮರದ ನೆರಳಿಗೆ ಗಾಡಿ ನಿಲ್ಲಿಸಿದರೆ ಆ ಲೆಕ್ಕವೂ ಕುಸಿಯುತ್ತದೆ. ಆದ್ದರಿಂದ ಮೊದಲ ದುಡ್ಡು ಡಿಸಿ-ಡಿಸಿ ಚಾರ್ಜರ್‌ಗೆ ಹೋಗಲಿ. ಎಂಜಿನ್‌ನ ಆಲ್ಟರ್ನೇಟರ್‌ನಿಂದ ಒಳಗಿನ ಬ್ಯಾಟರಿಗೆ ಹದವಾಗಿ ಚಾರ್ಜ್ ಮಾಡುವ ಪುಟ್ಟ ಪೆಟ್ಟಿಗೆ ಅದು. 30 ಆಂಪಿಯರ್‌ನದ್ದಾದರೆ ಗಂಟೆಗೆ ಸುಮಾರು 0.4 ಯೂನಿಟ್ ತುಂಬುತ್ತದೆ. ಬೆಂಗಳೂರಿನಿಂದ ಸಕಲೇಶಪುರ ತಲುಪುವಷ್ಟರಲ್ಲಿ ಒಂದು ಯೂನಿಟ್‌ಗಿಂತ ಹೆಚ್ಚು ಸೇರಿರುತ್ತದೆ. ಮಳೆಯಲ್ಲೂ ಇದು ಕೆಲಸ ಮಾಡುತ್ತದೆ. ಇದರ ಬದಲು ಎರಡು ಬ್ಯಾಟರಿಗಳನ್ನು ನೇರವಾಗಿ ಜೋಡಿಸುವ ಅಗ್ಗದ ರಿಲೇ ಸ್ವಿಚ್ ಹಾಕಿ ಕೈತೊಳೆದುಕೊಳ್ಳುವ ಬಿಲ್ಡರ್‌ಗಳಿದ್ದಾರೆ; ಒಪ್ಪಬೇಡಿ.

ಏ.ಸಿ. ಬಿಟ್ಟರೆ ಲೆಕ್ಕ ಎಷ್ಟು ಹಗುರವಾಗುತ್ತದೆ ನೋಡಿ. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಫ್ರಿಜ್‌ಗೆ ದಿನಕ್ಕೆ ಅರ್ಧ ಯೂನಿಟ್, ಫ್ಯಾನ್‌ಗೆ 0.3, ದೀಪ, ಮೊಬೈಲ್, ಲ್ಯಾಪ್‌ಟಾಪ್ ಎಲ್ಲ ಸೇರಿ ಇನ್ನೊಂದು 0.3. ಒಟ್ಟು 1.1 ಯೂನಿಟ್. ಒಂದೇ ಲಿಥಿಯಂ ಬ್ಯಾಟರಿಯಲ್ಲಿ ಎರಡು ದಿನ ನೆಮ್ಮದಿ. ಘಟ್ಟದ ಮೇಲೆ ಓಡಾಡುವವರಿಗೆ ಛಾವಣಿಯ ಎಕ್ಸಾಸ್ಟ್ ಫ್ಯಾನ್, ಸೊಳ್ಳೆ ಪರದೆಯಿರುವ ಕಿಟಕಿ ಮತ್ತು ಗೋಡೆಯೊಳಗೆ ಒಳ್ಳೆಯ ಇನ್ಸುಲೇಷನ್ ಸಾಕು. ಕರಾವಳಿಯ ಸೆಕೆಗೆ ಏ.ಸಿ. ಬೇಕೇ ಬೇಕೆನ್ನುವವರು 15 ಆಂಪಿಯರ್ ಪ್ಲಗ್ ಕೊಡುವ ಹೋಮ್‌ಸ್ಟೇ ಅಂಗಳದಲ್ಲಿ ತಂಗುವುದೆಂದು ನಿಶ್ಚಯಿಸಿಕೊಂಡು, ಹೊರಗಿನಿಂದ ಕರೆಂಟ್ ತೆಗೆದುಕೊಳ್ಳುವ ಸಾಕೆಟ್ ಮತ್ತು ಶಾಕ್ ತಡೆಯುವ ಆರ್‌ಸಿಸಿಬಿ ಹಾಕಿಸಿಕೊಳ್ಳಲಿ.

ಎರಡು ಪರೀಕ್ಷೆಗಳನ್ನು ನೀವೇ ಮಾಡಿ. 200 ಆಂಪಿಯರ್-ಅವರ್ ಎಂದು ಬರೆದ ಲಿಥಿಯಂ ಬ್ಯಾಟರಿಯನ್ನು ಎತ್ತಿ ನೋಡಿ: ಅದು 20 ಕಿಲೋ ಆಸುಪಾಸು ಇರಬೇಕು. ಹತ್ತು ಕಿಲೋ ಅಕ್ಕಿಚೀಲದಂತೆ ಸಲೀಸಾಗಿ ಬಂದರೆ ಲೇಬಲ್ ಸುಳ್ಳು. ಆಮೇಲೆ ಬ್ಯಾಟರಿಯಿಂದ ಇನ್ವರ್ಟರ್‌ಗೆ ಹೋಗುವ ತಂತಿ ನೋಡಿ. 2,000 ವಾಟ್ ಎಳೆದಾಗ 12 ವೋಲ್ಟ್ ಬದಿಯಲ್ಲಿ 160 ಆಂಪಿಯರ್‌ಗೂ ಹೆಚ್ಚು ಹರಿಯುತ್ತದೆ. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಬೇಕು, ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇರಬೇಕು. ಮನೆ ವೈರಿಂಗ್‌ನ ತಂತಿ ಎಳೆದ ಗಾಡಿಯಲ್ಲಿ ಮಕ್ಕಳನ್ನು ಮಲಗಿಸಬೇಡಿ.

ತೂಕ

ಆರ್‌ಸಿಯಲ್ಲಿ ಖಾಲಿ ತೂಕ, ಒಟ್ಟು ತೂಕ ಎರಡೂ ಇರುತ್ತವೆ. ಗಾಡಿ, ಮರಗೆಲಸ, ಬ್ಯಾಟರಿ, ನೀರು, ಜನ, ಸಾಮಾನು ಎಲ್ಲವೂ ಸೇರಿ ಆ ಒಟ್ಟು ತೂಕದೊಳಗೇ ಇರಬೇಕು. 100 ಲೀಟರ್ ನೀರು ಎಂದರೆ 100 ಕಿಲೋ. ಅಡುಗೆಮನೆಗೆ ಬಳಸುವ 18 ಮಿ.ಮೀ. ಪ್ಲೈವುಡ್‌ನ ಎಂಟಡಿ-ನಾಲ್ಕಡಿ ಹಾಳೆ ಒಂದೇ 30 ಕಿಲೋ ದಾಟುತ್ತದೆ. ಅಲ್ಯೂಮಿನಿಯಂ ಚೌಕಟ್ಟಿಗೆ ತೆಳು ಪ್ಲೈ ಜೋಡಿಸಿ ಎನ್ನಿ. ಪಾರ್ಟಿಕಲ್ ಬೋರ್ಡ್ ಮಾತ್ರ ಬೇಡವೇ ಬೇಡ. ಒಂದು ಮಳೆಗಾಲದ ತೇವಕ್ಕೆ ಉಬ್ಬಿ, ರಸ್ತೆಯ ಕುಲುಕಾಟಕ್ಕೆ ಸ್ಕ್ರೂ ಕಿತ್ತುಬರುತ್ತದೆ.

ಒಲೆ, ಶೌಚಾಲಯ

ಅಡುಗೆಗೆ 5 ಕಿಲೋ ಸಿಲಿಂಡರ್ ಸಾಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಮಡುಗಟ್ಟುತ್ತದೆ. ಹಾಗಾಗಿ ಸಿಲಿಂಡರ್ ಗೂಡಿನ ತಳದಲ್ಲಿ ಹೊರಕ್ಕೆ ತೂತು ಇರಲೇಬೇಕು. ಕೆಂಡದ ಒಲೆ, ಜನರೇಟರ್ ಎರಡನ್ನೂ ಗಾಡಿಯೊಳಗೆ ಎಂದೂ ಹಚ್ಚಕೂಡದು.

ಸ್ನಾನದ ಕೋಣೆ ಜಾಗವನ್ನೂ ನೀರನ್ನೂ ನುಂಗುತ್ತದೆ, ನಾನದನ್ನು ಶಿಫಾರಸು ಮಾಡುವುದಿಲ್ಲ. ಆದರೆ ತೊಟ್ಟಿ ಕಳಚಿ ಖಾಲಿ ಮಾಡಬಹುದಾದ ಪೋರ್ಟಬಲ್ ಶೌಚಾಲಯ ಇರಲಿ. ಹೆಣ್ಣುಮಕ್ಕಳು, ವಯಸ್ಸಾದವರು ರಾತ್ರಿ ಹೊತ್ತು ಪೆಟ್ರೋಲ್ ಬಂಕ್ ಹುಡುಕುವ ಪಾಡು ತಪ್ಪುತ್ತದೆ. ತೊಟ್ಟಿಯನ್ನು ಶೌಚಾಲಯದಲ್ಲೇ ಖಾಲಿ ಮಾಡಬೇಕು. ಹಳ್ಳಕ್ಕೋ ತೋಟಕ್ಕೋ ಸುರಿಯುವುದು ಅಕ್ಷಮ್ಯ.

ಕೊನೆಯ ಕಂತು ಕೊಡುವ ಮುನ್ನ

ನೀವು ಆರಿಸಿದಂಥದೇ ಗಾಡಿಯನ್ನು ಬಾಡಿಗೆಗೆ ಪಡೆದು ಒಂದು ವಾರಾಂತ್ಯ ಕುಟುಂಬದೊಂದಿಗೆ ಕಳೆಯದೆ ಮುಂಗಡ ಕೊಡಬೇಡಿ. ಗಾಡಿ ಸಿದ್ಧವಾದ ಮೇಲೆ ಹಾಸಿಗೆಯ ಮೇಲೆ ಮನೆಯ ಅತಿ ಎತ್ತರದವರನ್ನು ಮಲಗಿಸಿ ನೋಡಿ. ಅಡ್ಡ ಮಂಚವಾದರೆ ಗೋಡೆಯ ದಪ್ಪ ಕಳೆದು ಆರಡಿಯವರಿಗೆ ಕಾಲು ಚಾಚಲು ಜಾಗ ಸಾಲದಿರಬಹುದು. ಛಾವಣಿಗೆ ಪೈಪ್‌ನಿಂದ ಅರ್ಧ ಗಂಟೆ ನೀರು ಹಾಯಿಸಿ, ಕಿಟಕಿ ಮತ್ತು ಫ್ಯಾನ್‌ನ ಅಂಚುಗಳನ್ನು ಒಳಗಿನಿಂದ ಬೆರಳಾಡಿಸಿ ಪರೀಕ್ಷಿಸಿ. ಏ.ಸಿ., ಪ್ಯಾನೆಲ್ ಸೇರಿಸಿ ನೆಲದಿಂದ ಎತ್ತರ ಅಳೆದು, ಆ ಅಂಕಿಯನ್ನು ಸ್ಟೀರಿಂಗ್ ಎದುರು ಅಂಟಿಸಿ. ರೈಲ್ವೆ ಕೆಳಸೇತುವೆಯ ಫಲಕ ಕಂಡಾಗ ಅದು ಬೇಕಾಗುತ್ತದೆ. ಕೊನೆಗೆ ನೀರು, ಡೀಸೆಲ್ ತುಂಬಿಸಿ, ಮನೆಮಂದಿಯೆಲ್ಲ ಕುಳಿತು ಹತ್ತಿರದ ವೇಬ್ರಿಡ್ಜ್‌ಗೆ ಹೋಗಿ ತೂಗಿಸಿ. ಚೀಟಿಯಲ್ಲಿನ ತೂಕ ಆರ್‌ಸಿಯ ಒಟ್ಟು ತೂಕಕ್ಕಿಂತ ಕಡಿಮೆ ಇದ್ದರೆ ಹಣ ಕೊಡಿ, ಹೆಚ್ಚಿದ್ದರೆ ಗಾಡಿಯನ್ನು ಬಿಲ್ಡರ್ ಬಳಿಯೇ ಬಿಟ್ಟು, ತೂಕ ಇಳಿಸಿಕೊಡಿ ಎನ್ನಿ.