ಮನೆಯಲ್ಲಿ ಸಂತರ ಹಬ್ಬ: ಒಂಬತ್ತು ದಿನ ಮೊದಲೇ ಶುರು ಮಾಡಿ

ನಮ್ಮ ಅಜ್ಜಿಯ ಆಲ್ತಾರಿನಲ್ಲಿ, ಅಂದರೆ ಮನೆಯ ಪ್ರಾರ್ಥನಾ ಪೀಠದಲ್ಲಿ, ಎರಡು ಹಿತ್ತಾಳೆಯ ಮೇಣದಬತ್ತಿ ಕಂಬಗಳಿದ್ದವು. ಹಬ್ಬಕ್ಕೆ ಇನ್ನೂ ಹತ್ತು ದಿನ ಇರುವಾಗಲೇ ಅವು ಬಾವಿಕಟ್ಟೆಯ ಹತ್ತಿರದ ಒಗೆಯುವ ಕಲ್ಲಿಗೆ ಬಂದು ಸೇರುತ್ತಿದ್ದವು. ಜೊತೆಗೆ ಒಂದು ಮುಷ್ಟಿ ಹುಣಸೆಹುಳಿ, ಒಲೆಯ ಬೂದಿ, ತೆಂಗಿನ ನಾರು. ಉಜ್ಜಿ ಉಜ್ಜಿ ನಮ್ಮ ಕೈ ಕಪ್ಪಾಗುತ್ತಿತ್ತು, ಕಂಬ ಮಾತ್ರ ಫಳಫಳ ಹೊಳೆಯುತ್ತಿತ್ತು. ನಾವು ಉಜ್ಜುತ್ತಿದ್ದಷ್ಟು ಹೊತ್ತು ಅಜ್ಜಿ ಆ ಸಂತರ ಕಥೆ ಹೇಳುತ್ತಿದ್ದರು. ನಮ್ಮ ಪಾಲಿಗೆ ಹಬ್ಬ ಶುರುವಾಗುತ್ತಿದ್ದದ್ದೇ ಆ ಕಲ್ಲಿನ ಬಳಿ.

ಈಗ ಹಬ್ಬದ ದಿನ ಬೆಳಿಗ್ಗೆ ಮೊಬೈಲಿಗೆ ಒಂದು ಚಿತ್ರ ಬರುತ್ತದೆ. ನಾವೂ ನಾಲ್ಕು ಜನರಿಗೆ ಕಳಿಸುತ್ತೇವೆ. ಅಲ್ಲಿಗೆ ಮುಗಿಯಿತು. ಆ ಸಂತರು ಯಾರು, ಏನು ಮಾಡಿದರು ಅಂತ ಮಕ್ಕಳನ್ನು ಕೇಳಿದರೆ ಉತ್ತರ ಇಲ್ಲ. ನಮ್ಮ ಕಾಸರಗೋಡಿನ ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ, ನಾರಂಪಾಡಿ ಕಡೆಯ ಯುವ ದಂಪತಿಗಳು 'ಮನೆಯಲ್ಲಿ ಏನು ಮಾಡಬೇಕು, ಹೇಗೆ ಮಾಡಬೇಕು ಹೇಳಿ' ಅಂತ ಆಗಾಗ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಕ್ಕದ ಮನೆಯ ಹಬ್ಬದಲ್ಲಿ ಏನು ನಡೆಯುತ್ತದೆ ಅಂತ ತಿಳಿಯಬೇಕೆನ್ನುವ ಬೇರೆ ಧರ್ಮದವರೂ ಓದಬಹುದು.

ಅವರಿಗಾಗಿ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಥೋಲಿಕರಲ್ಲಿ ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ. 'ನಮಗಾಗಿ ಪ್ರಾರ್ಥಿಸಿರಿ' ಅಂತ ಅವರನ್ನು ಕೇಳಿಕೊಳ್ಳುತ್ತೇವೆ, ಊರಿನ ಹಿರಿಯರ ಹತ್ತಿರ 'ನಮ್ಮ ಪರವಾಗಿ ಒಂದು ಮಾತು ಹೇಳಿ' ಅಂತ ಕೇಳಿಕೊಳ್ಳುವ ಹಾಗೆ.

ಯಾವ ಸಂತರು, ಯಾವ ದಿನ?

ಮೊದಲು ಇದು ಖಚಿತವಾಗಬೇಕು. ಸಾಮಾನ್ಯವಾಗಿ ಸಂತರ ಹಬ್ಬ ಬರುವುದು ಅವರು ತೀರಿಕೊಂಡ ದಿನ. ಸ್ವರ್ಗದಲ್ಲಿ ಹುಟ್ಟಿದ ದಿನ ಅಂತ ಅದಕ್ಕೆ ಅರ್ಥ. ಪಾದುವಾದ ಸಂತ ಅಂತೋನಿ ತೀರಿಕೊಂಡದ್ದು 1231ರ ಜೂನ್ 13ರಂದು, ಹಬ್ಬವೂ ಜೂನ್ 13ಕ್ಕೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು, ಹಬ್ಬವೂ ಅಂದೇ. ಹುಟ್ಟಿದ ದಿನವನ್ನು ಹಬ್ಬವಾಗಿ ಆಚರಿಸುವುದು ತೀರಾ ಕಡಿಮೆ: ಸೆಪ್ಟೆಂಬರ್ 8ಕ್ಕೆ ಮಾತೆ ಮರಿಯ, ಜೂನ್ 24ಕ್ಕೆ ಸ್ನಾನಿಕ ಯೋವಾನ್ನ.

ಒಂದೇ ಹೆಸರಿನ ಸಂತರು ಹಲವರಿದ್ದಾರೆ, ಅಲ್ವಾ? ಎಡವುವುದು ಅಲ್ಲೇ. ನಮ್ಮ ದೊಡ್ಡಪ್ಪನ ಹೆಸರು ಅಂತೋನಿ. ನಾವು ವರ್ಷಗಟ್ಟಲೆ ಜೂನ್ 13ಕ್ಕೆ ಅವರಿಗೆ ಶುಭಾಶಯ ಹೇಳಿದೆವು. ಅವರು ನಕ್ಕು ಸುಮ್ಮನಾಗುತ್ತಿದ್ದರು. ಅವರು ತೀರಿಕೊಂಡ ಮೇಲೆ ಪ್ರಾರ್ಥನೆ ಪುಸ್ತಕದ ನಡುವೆ ಅಂಚು ಸವೆದ ಒಂದು ಸಣ್ಣ ಚಿತ್ರ ಸಿಕ್ಕಿತು. ಉದ್ದ ಗಡ್ಡದ ಮುದುಕ, ಕೈಯಲ್ಲಿ ಕೋಲು, ಕಾಲ ಬಳಿ ಒಂದು ಹಂದಿ. ಅದು ಈಜಿಪ್ಟಿನ ಮರುಭೂಮಿಯಲ್ಲಿ ತಪಸ್ಸು ಮಾಡಿದ ಸಂತ ಅಂತೋನಿ. ಅವರ ಹಬ್ಬ ಜನವರಿ 17ಕ್ಕೆ. ದೊಡ್ಡಪ್ಪ ಹುಟ್ಟಿದ್ದೂ ಅದೇ ವಾರ. ಒಮ್ಮೆ ಕೇಳಿದ್ದರೆ ಸಾಕಿತ್ತು. ಆ ಬೇಸರ ನನಗೆ ಇನ್ನೂ ಇದೆ. ಹಾಗಾಗಿ ನಿಮ್ಮ ಮನೆಯ ಹಿರಿಯರನ್ನು ಈಗಲೇ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಡಿ. ಅವರ ಕಾಲಾನಂತರ ಹೇಳುವವರು ಸಿಗುವುದಿಲ್ಲ.

ಚಿತ್ರ ನೋಡಿ ಗುರುತು ಹಿಡಿಯುವುದನ್ನು ಮಕ್ಕಳಿಗೂ ಕಲಿಸಬಹುದು. ಬಾಲಯೇಸುವನ್ನು ಎತ್ತಿಕೊಂಡು ಲಿಲ್ಲಿ ಹೂ ಹಿಡಿದವರು ಪಾದುವಾದ ಅಂತೋನಿ. ಮೈಗೆ ಬಾಣ ನೆಟ್ಟವರು ಸೆಬಾಸ್ಟಿಯನ್. ಕಬ್ಬಿಣದ ಸರಳುಗಳ ಚೌಕಟ್ಟು ಹಿಡಿದವರು ಲಾರೆನ್ಸ್. ಬೀಗದಕೈ ಇದ್ದರೆ ಪೇತ್ರ.

ಚರ್ಚಿನ ವಾರ್ಷಿಕ ಹಬ್ಬವೂ ಸಂತರ ದಿನವೂ ಒಂದೇ ಆಗಬೇಕೆಂದಿಲ್ಲ. ಸಂತ ಲಾರೆನ್ಸರ ದಿನ ಆಗಸ್ಟ್ 10. ಆದರೆ ಕಾರ್ಕಳದ ಅತ್ತೂರಿನಲ್ಲಿ ಜನಸಾಗರ ಸೇರುವುದು ಜನವರಿಯಲ್ಲಿ. ಊರಿನ ಹಬ್ಬಕ್ಕೆ ಊರಿನ ಜೊತೆ ಹೋಗಿ, ಸಂತರ ದಿನವನ್ನು ಮನೆಯಲ್ಲಿ ಆಚರಿಸಿ. ದಿನ ಭಾನುವಾರ ಬಿದ್ದರೆ ಚರ್ಚಿನ ಬಲಿಪೂಜೆಯಲ್ಲಿ ಸಾಮಾನ್ಯವಾಗಿ ಭಾನುವಾರದ ಪ್ರಾರ್ಥನೆಗೇ ಆದ್ಯತೆ. ಆದರೆ ಮನೆಯಲ್ಲಿ ಸಂತರನ್ನು ನೆನೆಯಲು ಯಾವ ಅಡ್ಡಿಯೂ ಇಲ್ಲ.

ನೊವೆನಾ ಲೆಕ್ಕ

ನೊವೆನಾ ಅಂದರೆ ಒಂಬತ್ತು ದಿನಗಳ ಪ್ರಾರ್ಥನೆ. ಹಬ್ಬದ ಹಿಂದಿನ ದಿನಕ್ಕೆ ಒಂಬತ್ತು ಪೂರ್ತಿಯಾಗಬೇಕು. ಜೂನ್ 13ಕ್ಕೆ ಹಬ್ಬ ಇದ್ದರೆ ನೊವೆನಾ ಜೂನ್ 4ಕ್ಕೆ ಶುರು. ಡಿಸೆಂಬರ್ 3ಕ್ಕೆ ಇದ್ದರೆ ನವೆಂಬರ್ 24ಕ್ಕೆ. ಮೊಂತಿ ಹಬ್ಬದ್ದು, ಅಂದರೆ ಸೆಪ್ಟೆಂಬರ್ 8ರ ಮಾತೆ ಮರಿಯರ ಹಬ್ಬದ್ದು, ನಮ್ಮಲ್ಲಿ ಎಲ್ಲರಿಗೂ ಗೊತ್ತು: ಆಗಸ್ಟ್ 30ರಿಂದ ಮಕ್ಕಳು ದಿನಾ ಹೂ ಹಿಡಿದು ಚರ್ಚಿಗೆ ಹೋಗುತ್ತಾರೆ. ಈ ಒಂಬತ್ತಕ್ಕೆ ಮೂಲ ಬೈಬಲಿನಲ್ಲೇ ಇದೆ. ಯೇಸು ಸ್ವರ್ಗಕ್ಕೆ ಏರಿದ ಮೇಲೆ ಪವಿತ್ರಾತ್ಮರು ಇಳಿದು ಬರುವ ತನಕ ಮಾತೆ ಮರಿಯ ಮತ್ತು ಶಿಷ್ಯರು ಒಂದೇ ಮನೆಯಲ್ಲಿ ಸೇರಿ ಪ್ರಾರ್ಥಿಸಿದರಲ್ಲ, ಆ ದಿನಗಳ ನೆನಪು.

ರಾತ್ರಿ ತೇರ್ಸ್ (ಜಪಸರದ ಪ್ರಾರ್ಥನೆ) ಮುಗಿದ ಮೇಲೆ ಹತ್ತು ನಿಮಿಷ ಸಾಕು. ನೊವೆನಾ ಪುಸ್ತಕದ ಪ್ರಾರ್ಥನೆ ಹೇಳಿ, ಆಮೇಲೆ ಸಂತರ ಜೀವನದ ಒಂದು ತುಣುಕು ಹೇಳಿ. ಈ ತುಣುಕನ್ನು ಬಿಡಬೇಡಿ. ಪ್ರಾರ್ಥನೆಯನ್ನು ಬಾಯಿಪಾಠವಾಗಿ ಹೇಳಿಬಿಡಬಹುದು. ಆದರೆ ಮಕ್ಕಳ ಮನಸ್ಸಿನಲ್ಲಿ ಉಳಿಯುವುದು ಕಥೆ.

ಜನವರಿ 16ಕ್ಕೆ ಬರುವ ಸಂತ ಜೋಸೆಫ್ ವಾಜರನ್ನೇ ತೆಗೆದುಕೊಳ್ಳಿ. ನೊವೆನಾ ಜನವರಿ 7ಕ್ಕೆ ಶುರು. ನಮ್ಮ ಭಾಗದವರಿಗೆ ಇವರಿಗಿಂತ ಹತ್ತಿರದ ಸಂತರು ಯಾರಿದ್ದಾರೆ? ಹುಟ್ಟಿದ್ದು 1651ರಲ್ಲಿ, ಗೋವಾದ ಬಾಣಾವಳಿಯಲ್ಲಿ. ಮನೆಮಾತು ಕೊಂಕಣಿ. 1681ರಲ್ಲಿ ಕೆನರಾಕ್ಕೆ, ಅಂದರೆ ನಮ್ಮ ಈ ಕರಾವಳಿಗೆ, ಬಂದು ಮೂರು ವರ್ಷ ಇಲ್ಲಿ ದುಡಿದರು. ಗಡಿಯಾಚೆ ಕರ್ನಾಟಕದ ಮುಡಿಪುವಿನ ಗುಡ್ಡದಲ್ಲಿ ಅವರ ಪುಣ್ಯಕ್ಷೇತ್ರವಿದೆ. ಕೊಲ್ಲಲು ಬಂದವರ ನಡುವೆ ಅವರು ನಿಂತಾಗ ಅಲ್ಲಿ ನೀರಿನ ಒರತೆ ಚಿಮ್ಮಿತು ಅಂತ ಜನ ನಂಬುತ್ತಾರೆ. ಮೊದಲ ಮೂರು ದಿನಕ್ಕೆ ಇಷ್ಟು ಸಾಕು. ನಡುವೆ ಒಂದು ದಿನ ಬಿಡುವು ಮಾಡಿಕೊಂಡು ಮಕ್ಕಳನ್ನು ಮುಡಿಪುವಿಗೆ ಕರೆದುಕೊಂಡು ಹೋಗಿ ಬನ್ನಿ.

ನಾಲ್ಕನೆಯ ದಿನಕ್ಕೆ ಶ್ರೀಲಂಕಾ. ಡಚ್ಚರ ಆಳ್ವಿಕೆಯಲ್ಲಿ ಅಲ್ಲಿ ಕಥೋಲಿಕ ಗುರುಗಳಿಗೆ ಜಾಗವೇ ಇರಲಿಲ್ಲ. ವಾಜ್ 1687ರಲ್ಲಿ ಕೂಲಿಯವನ ವೇಷದಲ್ಲಿ ಜಾಫ್ನಾದಲ್ಲಿ ಇಳಿದರು. ಇಳಿದದ್ದೇ ಭೇದಿ ಹಿಡಿದು ಮಲಗಿದರು. ಗುಣವಾದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಭಿಕ್ಷೆಯ ನೆಪದಲ್ಲಿ ಮನೆಮನೆ ತಿರುಗಿದರು. ಆ ಸರವನ್ನು ನೋಡಿ ಯಾರ ಕಣ್ಣು ಅರಳುತ್ತದೋ ಅದು ನಮ್ಮವರ ಮನೆ ಅಂತ ಅವರಿಗೆ ಗೊತ್ತಾಗುತ್ತಿತ್ತು. ಈ ಜಾಗ ಬಂದಾಗ ಸ್ವಲ್ಪ ನಿಲ್ಲಿಸಿ, ತೇರ್ಸಿನ ಸರವನ್ನು ಮಗುವಿನ ಕೈಗೆ ಕೊಡಿ. ಬೇರೇನೂ ವಿವರಿಸಬೇಕಾಗಿಲ್ಲ.

ಮುಂದೆ 1692ರಲ್ಲಿ ಕ್ಯಾಂಡಿ. ಪೋರ್ಚುಗೀಸರ ಗೂಢಚಾರ ಅಂತ ಹೇಳಿ ಸೆರೆಯಲ್ಲಿಟ್ಟರು. 1697ರಲ್ಲಿ ಊರಿಗೆ ಸಿಡುಬು ಬಡಿದಾಗ ಜನ ರೋಗಿಗಳನ್ನು ಬಿಟ್ಟು ಓಡಿದರು. ವಾಜ್ ಉಳಿದರು, ಮೈ ತೊಳೆದರು, ಉಣ್ಣಿಸಿದರು, ಸತ್ತವರನ್ನು ಹೂಳಿದರು. ಕೊನೆಯುಸಿರು 1711ರ ಜನವರಿ 16ಕ್ಕೆ, ಅದೇ ಕ್ಯಾಂಡಿಯಲ್ಲಿ. ಪೋಪ್ ಫ್ರಾನ್ಸಿಸ್ ಕೊಲಂಬೋಗೆ ಬಂದು ಅವರನ್ನು ಸಂತರೆಂದು ಸಾರಿದ್ದು 2015ರ ಜನವರಿ 14ರಂದು.

ಆಲ್ತಾರ್

ಹಬ್ಬದ ಮುನ್ನಾದಿನ ಆಲ್ತಾರ್ ಪೂರ್ತಿ ಖಾಲಿ ಮಾಡಿ ಒರೆಸಿ. ಒಗೆದ ಬಿಳಿ ಬಟ್ಟೆ ಹಾಸಿ. ಕ್ರೂಜೆ (ಶಿಲುಬೆ) ನಡುವೆ, ಎತ್ತರದಲ್ಲಿ. ಸಂತರ ಇಮಾಜು (ಪ್ರತಿಮೆ) ಅಥವಾ ಚಿತ್ರ ಅದರ ಒಂದು ಬದಿಗೆ, ಸ್ವಲ್ಪ ತಗ್ಗಿನಲ್ಲಿ. ಈ ಕ್ರಮ ತಪ್ಪಿಸಬೇಡಿ.

ಹೂವಿಗೆ ಪೇಟೆಗೆ ಓಡುವ ಅಗತ್ಯ ಇಲ್ಲ. ಜೂನ್ ಮಳೆಯಲ್ಲೂ ಅಂಗಳದಲ್ಲಿ ದಾಸವಾಳ, ಕೇಪುಳ ಇರುತ್ತದೆ. ಜನವರಿಯಲ್ಲಿ ಅಬ್ಬಲಿಗೆ, ಗೊಂಡೆ. ಪೂಜೆಯಲ್ಲಿ ಗುರುಗಳ ಮೇಲುಡುಪು ರಕ್ತಸಾಕ್ಷಿಗಳ ದಿನ ಕೆಂಪು, ಉಳಿದ ಸಂತರ ದಿನ ಬಿಳಿ. ಮನೆಯ ಹೂವನ್ನೂ ಅದಕ್ಕೆ ಹೊಂದಿಸಬಹುದು. ಸೆಬಾಸ್ಟಿಯನ್ನರಿಗೆ ಒಂದು ಗೊಂಚಲು ಕೆಂಪು ಕೇಪುಳ ಇಟ್ಟು ನೋಡಿ, ಎಷ್ಟು ಚಂದ.

ಮೇಣದಬತ್ತಿಯ ವಿಷಯದಲ್ಲಿ ಜೋಪಾನ. ಒಂದು ವರ್ಷ ನಮ್ಮಲ್ಲಿ ಫ್ಯಾನಿನ ಗಾಳಿಗೆ ಲೇಸಿನ ಅಂಚಿಗೆ ಬೆಂಕಿ ಹತ್ತಿ, ಚಿತ್ರದ ಚೌಕಟ್ಟಿನ ಕೆಳಭಾಗ ಸುಟ್ಟುಹೋಯಿತು. ಅಂದಿನಿಂದ ಬತ್ತಿಯ ಕಂಬವನ್ನು ನೀರು ತುಂಬಿದ ತಟ್ಟೆಯಲ್ಲಿ ಇಡುತ್ತೇವೆ. ಮಲಗುವ ಮೊದಲು ಆರಿಸುತ್ತೇವೆ.

ಹಬ್ಬದ ದಿನ

ಪೂಜೆ ಮೊದಲು, ಊಟ ಆಮೇಲೆ. ತೀರಿಕೊಂಡವರಿಗಾಗಿ ಅಥವಾ ಉಪಕಾರಸ್ಮರಣೆಗಾಗಿ ಪೂಜೆ ಹೇಳಿಸಬೇಕಿದ್ದರೆ ಚರ್ಚಿನ ಕಚೇರಿಯಲ್ಲಿ ಕೆಲವು ವಾರ ಮೊದಲೇ ಬರೆಸಿ. ಜನಪ್ರಿಯ ಸಂತರ ದಿನಗಳು ಬೇಗ ತುಂಬುತ್ತವೆ. ಪಾಪನಿವೇದನೆಯನ್ನು ಹಿಂದಿನ ದಿನವೇ ಮುಗಿಸಿಕೊಂಡರೆ ಬೆಳಿಗ್ಗೆಯ ಗಡಿಬಿಡಿ ಇರುವುದಿಲ್ಲ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ನಿಮಗೇ ಚೆನ್ನಾಗಿ ಗೊತ್ತು. ಮೊಂತಿ ಹಬ್ಬಕ್ಕೆ ಹೊಸ ತೆನೆ ಮತ್ತು ಬರೀ ತರಕಾರಿ. ಉಳಿದ ಹಬ್ಬಗಳಿಗೆ ಸಾನ್ನಾಂ (ಹಬೆಯಲ್ಲಿ ಬೇಯಿಸಿದ ಅಕ್ಕಿಯ ತಿಂಡಿ), ವೊರ್ನ್ (ಪಾಯಸ) ಇದ್ದರೆ ಸಾಕು. ಮಾರ್ಚ್ 19ರ ಸಂತ ಜೋಸೆಫರ ಹಬ್ಬ ಈಸ್ಟರಿಗೆ ಮೊದಲಿನ ತಪಸ್ಸು ಕಾಲದಲ್ಲಿ ಬರುತ್ತದೆ. ಅದು ಮಹೋತ್ಸವವಾದ್ದರಿಂದ ಶುಕ್ರವಾರ ಬಿದ್ದರೂ ಮಾಂಸ ತ್ಯಜಿಸಲೇಬೇಕೆಂಬ ನಿಯಮ ಅಂದು ಇಲ್ಲ.

ಆದರೆ ಒಂದು ಪಾಲು ಹೊರಗೆ ಹೋಗಲೇಬೇಕು. ಪಾದುವಾದ ಅಂತೋನಿಯ ಹೆಸರಿನಲ್ಲಿ ಬಡವರಿಗೆ ರೊಟ್ಟಿ ಹಂಚುವುದು ಹಳೆಯ ರೂಢಿ. ನಮ್ಮಲ್ಲಿ ಅದು ಅಕ್ಕಿ ಆಗಬಹುದು, ಬನ್ನು ಆಗಬಹುದು. ಕೊಡುವಾಗ ಫೋಟೊ ಬೇಡ.

ಇನ್ನೊಂದು ಕೆಲಸ ಬಾಕಿ ಇದೆ. ನನ್ನನ್ನು ಕೇಳಿದರೆ ಇದೇ ಮುಖ್ಯ. ಒಂಬತ್ತು ದಿನ ಕಥೆ ಕೇಳಿದಿರಲ್ಲ, ಆ ಸಂತರು ಮಾಡಿದ ಒಂದು ಕೆಲಸವನ್ನು ಹಬ್ಬದ ದಿನ ನೀವೂ ಮಾಡಿ, ಸಣ್ಣದಾದರೂ ಪರವಾಗಿಲ್ಲ. ಮದರ್ ತೆರೇಸಾ ಅವರ ದಿನ ಸೆಪ್ಟೆಂಬರ್ 5. ಅಂದು ಒಬ್ಬಂಟಿ ಮುದುಕರ ಮನೆಗೆ ಹೋಗಿ. ಮಾರ್ತಾಳ ದಿನ ಜುಲೈ 29. ಅಂದು ಅಮ್ಮನಿಗೆ ಅಡುಗೆಮನೆಯಿಂದ ರಜೆ ಕೊಡಿ.

ವಾಜರ ದಿನ ಎಲ್ಲಿಗೆ ಹೋಗಬೇಕು ಅಂತ ಕಾಸರಗೋಡಿನವರಿಗೆ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಊರುಗಳಲ್ಲಿ, ಎಣ್ಮಕಜೆ ಕಡೆಯ ಮನೆಗಳಲ್ಲಿ, ಹಾಸಿಗೆ ಬಿಟ್ಟು ಏಳಲಾಗದವರು ಈಗಲೂ ಇದ್ದಾರೆ. ಹಿಂದಿನ ದಿನ ಫೋನ್ ಮಾಡಿ, 'ನಾಳೆ ಬರಬಹುದಾ' ಅಂತ ಕೇಳಿ. ಇಬ್ಬರಿಗಿಂತ ಜಾಸ್ತಿ ಹೋಗಬೇಡಿ. ಪಾಯಸ ತೆಗೆದುಕೊಂಡು ಹೋದರೆ ಒಳ್ಳೆಯದೇ. ಅದಕ್ಕಿಂತಲೂ ಒಳ್ಳೆಯದು ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗುವುದು. ಹೋದ ವರ್ಷ ನಾವು ಹೋದ ಮನೆಯ ತಾಯಿ ಪಾಯಸದ ಪಾತ್ರೆಯನ್ನು ಬದಿಗಿಟ್ಟು, 'ನೀವು ಸ್ವಲ್ಪ ಹೊತ್ತು ಇವನ ಹತ್ತಿರ ಕೂತುಕೊಳ್ಳುತ್ತೀರಾ? ನಾನು ತಲೆಗೆ ಸ್ನಾನ ಮಾಡಿ ಬರುತ್ತೇನೆ' ಅಂದರು. ಕೂತೆವು. ಒಳಗಿನಿಂದ ನೀರು ಸುರಿದುಕೊಳ್ಳುವ ಸದ್ದು ತುಂಬಾ ಹೊತ್ತು ಕೇಳುತ್ತಿತ್ತು. ಹುಡುಗ ನನ್ನ ಮಗಳ ಕೈಯಲ್ಲಿದ್ದ ಜಪಸರವನ್ನು ಹಿಡಿದು, ಅವರು ಬರುವ ತನಕ ಬಿಡಲೇ ಇಲ್ಲ.