ಗುಮಟೆಯ ಶ್ರುತಿಗೆ ಗಿಟಾರನ್ನು ಇಳಿಸಿದ ನನ್ನ ಅನುಭವ

ಗಿಟಾರಿನ ಜೊತೆ ಗುಮಟೆ (ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದು, ಹಿಂದಿನ ಬಾಯಿಯನ್ನು ತೆರೆದೇ ಬಿಟ್ಟ ನಮ್ಮ ಕರಾವಳಿಯ ತಾಳವಾದ್ಯ) ಹೊಂದುವುದಿಲ್ಲ, ಡ್ರಮ್ ಸೆಟ್ ತನ್ನಿ ಎಂದು ಮೈಕ್‌ಸೆಟ್ಟಿನವರಿಂದ ಹಿಡಿದು ನಮ್ಮದೇ ತಂಡದ ಕೀಬೋರ್ಡಿನವರ ತನಕ ಎಲ್ಲರೂ ಹೇಳಿದ್ದರು. ಕಳೆದ ಸುಗ್ಗಿಯಲ್ಲಿ ಅಂಕೋಲೆಯಲ್ಲಿ ಡ್ರಮ್ ಸೆಟ್ ಇಲ್ಲದೆಯೇ ಒಂದೂವರೆ ತಾಸು ನಮ್ಮ ನಗೆಹಾಡುಗಳನ್ನು ಹಾಡಿದ ಮೇಲೆ ಅದೇ ಜನ ಮೈಕನ್ನು ಎಲ್ಲಿ ಇಟ್ಟಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಗುಮಟೆಯನ್ನು ಗಿಟಾರಿನ ಶ್ರುತಿಗೆ ಏರಿಸಲು ಹೋಗಿ ಎರಡು ವರ್ಷ ಕಳೆದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವುದರಿಂದ ಮೊದಲೆಲ್ಲ ಗುಮಟೆಗೆ ಹಾಕುತ್ತಿದ್ದ ಉಡದ ಚರ್ಮವನ್ನು ಮುಟ್ಟುವಂತಿಲ್ಲ. ಆಡಿನ ಚರ್ಮ ಕರಾವಳಿಯ ತೇವಕ್ಕೆ ಬೇಗ ಸಡಿಲಾಗುತ್ತದೆ. ಕುಮಟೆಯಲ್ಲಿ ಒಂದು ಮಳೆಗಾಲದ ಕಾರ್ಯಕ್ರಮದ ಮೂರನೆಯ ಹಾಡಿಗೇ ಗುಮಟೆ ತೊಯ್ದ ಗೋಣಿ ಬಡಿದಂತೆ ಕೇಳಿಸಿತು, ಸಂಘಟಕರು ಅರ್ಧ ಸಂಭಾವನೆ ಹಿಡಿದರು. ಬಿಗಿಯಾಗಲೆಂದು ಹೆಚ್ಚು ಕಾಯಿಸಿ ಎರಡು ಮಡಕೆ ಒಡೆದೆ. ಚರ್ಮ, ಮಡಕೆ, ಕೊಂಡು ಮಾರಿದ ಮೈಕು ಎಲ್ಲ ಸೇರಿ ಸುಮಾರು 18,000 ರೂಪಾಯಿ ಹೋಗಿರಬೇಕು.

ಕೊನೆಗೆ ಗಿಟಾರನ್ನೇ ಗುಮಟೆಗೆ ಹೊಂದಿಸಿದೆ. ವೇದಿಕೆ ಏರುವ ಅರ್ಧ ತಾಸು ಮೊದಲು ಗುಮಟೆಯನ್ನು ಕೆಂಡದಿಂದ ಒಂದು ಗೇಣು ಮೇಲೆ ತಿರುಗಿಸುತ್ತ ಕಾಯಿಸಿ, ಅದು ಎಲ್ಲಿ ನಿಲ್ಲುತ್ತದೋ ಆ ಸ್ವರಕ್ಕೆ ಗಿಟಾರು, ಯುಕುಲೇಲೆ (ನಾಲ್ಕು ತಂತಿಯ ಪುಟ್ಟ ಗಿಟಾರು) ಎರಡನ್ನೂ ಇಳಿಸುತ್ತೇವೆ. ತಂತಿ ಕರಕರ ಎನ್ನದಂತೆ ಒಂದು ಅಳತೆ ದಪ್ಪದ್ದು ಹಾಕಿದ್ದೇನೆ. ಚರ್ಮಕ್ಕೊಂದು, ಅಂಗೈಯಿಂದ ಮುಚ್ಚಿ ತೆರೆಯುವ ಹಿಂಬಾಯಿಗೊಂದು ಮೈಕು. ಹಿಂಬಾಯಿಯದನ್ನು ನಾಲ್ಕು ಬೆರಳು ಬದಿಗೆ ಸರಿಸದಿದ್ದರೆ ಅಂಗೈ ತೆರೆದಾಗಲೆಲ್ಲ ಗಾಳಿ ಬಡಿಯುತ್ತದೆ. ಎರಡು ಮೈಕಿನ ಧ್ವನಿ ಒಂದನ್ನೊಂದು ಕೊಲ್ಲದಂತೆ ಅದರ ಫೇಸ್ (phase, ಧ್ವನಿ ಅಲೆಯ ಏರಿಳಿತ) ತಿರುಗುಮುರುಗು ಮಾಡಿದ ಮೇಲೆಯೇ ನಮಗೆ ತುಂಬಿದ ಕೆಳಸ್ವರ ಸಿಕ್ಕಿತು. ಚರ್ಮದ ಒಳಮೈಗೆ ಹಚ್ಚುವ ಲೇಪದ ವಿಷಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಗಿಸುವುದನ್ನು ನಾನು ಕಲಿತದ್ದು ನಮ್ಮ ಜಿಲ್ಲೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿಯ ಹಗರಣ (ವೇಷ ಕಟ್ಟಿ ಅಣಕಿಸುವ ಆಟ) ನೋಡಿ. ವೇಷ ಎದುರಿಗೆ ಬಂದು ನಿಂತರೆ ಸಾಕು, ಯಾರೂ ಅದನ್ನು ಬಿಡಿಸಿ ಹೇಳುವುದಿಲ್ಲ. ನಮ್ಮ ಬಂಗಡೆ ಹಾಡಿನಲ್ಲಿ ಚೌಕಾಸಿ ಎಲ್ಲ ಮುಗಿದ ಮೇಲೆ ‘ಬೆಕ್ಕಿಗೊಂದು ಹಾಕು ಮಾರಾಯ್ತಿ’ ಎಂಬ ಸಾಲು ಬರುತ್ತದೆ. ಅಲ್ಲಿ ಹಿಂಬಾಯಿಯನ್ನು ಅಂಗೈಯಿಂದ ಮುಚ್ಚಿ ತಾಳದ ಎರಡು ಮಾತ್ರೆ ಎಲ್ಲವನ್ನೂ ನಿಲ್ಲಿಸುತ್ತೇನೆ. ಮೊದಲು ಆ ಜಾಗವನ್ನು ಕೀಬೋರ್ಡಿನಿಂದ ತುಂಬಿಸುತ್ತಿದ್ದೆವು, ಒಬ್ಬರೂ ನಕ್ಕಿರಲಿಲ್ಲ. ಅಂಕೋಲೆಯಲ್ಲಿ ನಗು ನಿಲ್ಲದೆ ಎರಡು ಮಾತ್ರೆಯನ್ನು ಆರಕ್ಕೆ ಎಳೆಯಬೇಕಾಯಿತು.

ನಡುವೆ ಒಣಗಿದ ಅಡಿಕೆ ಹಾಳೆಗೆ ಬಿದಿರುಕಡ್ಡಿ ಬಡಿದು ಸ್ನೇರ್ (ಡ್ರಮ್ ಸೆಟ್ಟಿನ ಚರಚರ ಸದ್ದಿನ ಡ್ರಮ್) ಮಾಡಲು ನೋಡಿದೆ. ಶಿರಸಿಯ ಬೇಸಿಗೆಯಲ್ಲಿ ಚೆನ್ನಾಗಿಯೇ ಬಂತು, ಕಾರವಾರಕ್ಕೆ ಇಳಿಯುತ್ತಲೇ ಮೆತ್ತಗಾಯಿತು. ಅಕ್ಕಿ ತುಂಬಿದ ಕರಟ ಮಾತ್ರ ಇಂದಿಗೂ ಜೊತೆಗಿದೆ.

ಡ್ರಮ್ ಸೆಟ್ಟಿನ ಬಾಡಿಗೆ, ಟೆಂಪೋ ಖರ್ಚು ಎರಡೂ ತಪ್ಪಿ ಕಾರ್ಯಕ್ರಮಕ್ಕೆ ನಾಲ್ಕು ಸಾವಿರದಷ್ಟು ಉಳಿಯುತ್ತಿದೆ. ಆ ಹಣದಲ್ಲೇ ಮಾಡಿಸಿದ ಮೂರನೆಯ ಗುಮಟೆ, ಬರುವ ಮಳೆಗಾಲಕ್ಕೆಂದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಿದೆ.